ಹಿತ್ತಲಲ್ಲೊಂದು ಹ್ಯಾಮ್ ಟವರ್: ಪಾಯ ಹಾಕುವ ಕ್ರಮ

ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋ. ಅದರ ಆಂಟೆನಾ ನಿಲ್ಲಿಸಲು ನಲವತ್ತು ಅಡಿ ಟವರಿಗೆ ಪಾಯ ತೆಗೆಯಬೇಕು ಅಂದಾಗ ನಮ್ಮ ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆ, "ಭಾರ ಎಷ್ಟು ಬರುತ್ತೆ ಸಾರ್?" ಕಬ್ಬಿಣ, ಆಂಟೆನಾ, ಅದನ್ನು ತಿರುಗಿಸೋ ಮೋಟಾರು ಎಲ್ಲ ಸೇರಿ ಇನ್ನೂರು ಕೆಜಿ ಅಂದೆ. ಅವರಿಗೆ ನಗು ಬಂತು. "ಇನ್ನೂರು ಕೆಜಿಗೆ ಯಾಕೆ ಸಾರ್ ಅಷ್ಟು ದುಡ್ಡು ಮಣ್ಣಿಗೆ ಹಾಕ್ತೀರ? ಎರಡಡಿ ಗುಂಡಿ ತೆಗೆದು ಹತ್ತು ಬಾಂಡ್ಲಿ ಸುರಿದರೆ ಆಯ್ತು."

ಅವರನ್ನು ತಪ್ಪು ಅನ್ನಲಾಗದು. ಜೀವಮಾನವೆಲ್ಲ ಮನೆ ಕಟ್ಟಿದ ಕೈ ಅದು. ಮನೆಯ ಪಾಯಕ್ಕೆ ನೋಡಬೇಕಾದ್ದು ಮೇಲಿನ ಭಾರವನ್ನು ನೆಲ ತಡೆಯುತ್ತದೆಯೇ ಅನ್ನುವುದನ್ನು. ಟವರಿನ ಭಾರ ನೆಲಕ್ಕೆ ಒಂದು ಲೆಕ್ಕವೇ ಅಲ್ಲ, ಮೂರು ಜನ ಬಂದು ನಿಂತ ಹಾಗೆ. ಆದರೆ ಗಾಳಿ ಅದರ ತುದಿಯನ್ನು ತಳ್ಳುತ್ತದೆ, ಆಗ ಬುಡ ಕಿತ್ತುಕೊಂಡು ಮೇಲೆ ಬರಲು ನೋಡುತ್ತದೆ. ನೆಲದಲ್ಲಿ ನೆಟ್ಟ ಹಾರೆಯ ತುದಿ ಹಿಡಿದು ಅಲ್ಲಾಡಿಸಿದರೆ ಬುಡದ ಮಣ್ಣು ಹೇಗೆ ಬಾಯಿ ಬಿಡುತ್ತದೋ ಹಾಗೆ. ಈ ಒಂದು ವಿಷಯ ಮೇಸ್ತ್ರಿಗೂ ನಿಮಗೂ ಮೊದಲೇ ಒಪ್ಪಿಗೆಯಾಗಿದ್ದರೆ ಮುಂದಿನ ಜಗಳಗಳು ಅರ್ಧ ಕಡಿಮೆ.

ಇಲ್ಲಿ ನಾನು ಹೇಳುವುದು ಸುತ್ತಲೂ ನೆಲಕ್ಕೆ ಎಳೆದು ಕಟ್ಟುವ ಗೈ ತಂತಿಯ ಆಸರೆ ಇಲ್ಲದೆ ತಾನೇ ನಿಲ್ಲುವ, ಮೂರು ಕಾಲಿನ, 12 ಮೀಟರ್ ಎತ್ತರದ ಟವರಿನ ಬಗ್ಗೆ. ಮೇಲೊಂದು ಸಾಧಾರಣ ಗಾತ್ರದ ಯಾಗಿ ಆಂಟೆನಾ, ಹಳೆಯ ಟಿವಿ ಆಂಟೆನಾದ ಹಾಗೆ ಅಡ್ಡ ಕೊಳವೆಗಳಿರುವಂಥದ್ದು. ಹ್ಯಾಮ್ ಅಲ್ಲದವರು ವೈಫೈ ಡಿಶ್ಶಿಗೋ ಸಿಸಿಟಿವಿಗೋ ಇಂಥದ್ದೇ ನಿಲ್ಲಿಸುವುದಾದರೂ ಲೆಕ್ಕ ಇದೇ. ಟವರ್ ಮಾಡಿಕೊಟ್ಟವರು ಪಾಯದ ನಕ್ಷೆಯನ್ನೂ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ, ನನ್ನ ಅಳತೆ ಬದಿಗಿಡಿ. ಎತ್ತರ 12 ಮೀಟರ್ ದಾಟಿದರೆ ಅಥವಾ ಮೇಲೆ ದೊಡ್ಡ ಆಂಟೆನಾ ಬರುವುದಾದರೆ ಸ್ಟ್ರಕ್ಚರಲ್ ಎಂಜಿನಿಯರಿಗೆ ಕೊಡುವ ಫೀಸು ಉಳಿಸಲು ಹೋಗಬೇಡಿ.

ಜಾಗ ಆರಿಸುವುದು

ಹಿತ್ತಲಲ್ಲಿ ಖಾಲಿ ಕಂಡ ಜಾಗವೆಲ್ಲ ಟವರಿಗೆ ಆಗುವುದಿಲ್ಲ. ಮೊದಲು ತಲೆಯೆತ್ತಿ ನೋಡಿ. ಟವರ್ ಯಾವ ಕಡೆಗೆ ಮಲಗಿದರೂ ಅದರ ತುದಿಯಾಗಲೀ ಆಂಟೆನಾದ ತೋಳಾಗಲೀ ಕರೆಂಟ್ ತಂತಿಗೆ ತಾಗಬಾರದು. 12 ಮೀಟರ್ ಟವರಿಗೆ ಆಂಟೆನಾದ ಅರ್ಧ ಉದ್ದ ಸೇರಿಸಿ, ಮೇಲೆ ಇನ್ನೂ ಮೂರು ಮೀಟರ್ ಬಿಡಿ. ಇದರಲ್ಲಿ ಚೌಕಾಸಿ ಇಲ್ಲ. ಟವರ್ ಎತ್ತಿ ನಿಲ್ಲಿಸುವ ದಿನವೇ ಜನ ಸಾಯುವುದು, ಬಿರುಗಾಳಿಯ ದಿನ ಅಲ್ಲ.

ಆಮೇಲೆ ಕೆಳಗೆ. ಹಳೆಯ ಬಚ್ಚಲು ಗುಂಡಿ, ಮುಚ್ಚಿದ ಬಾವಿ, ಶೌಚದ ಗುಂಡಿ, ಮನೆ ಕಟ್ಟುವಾಗ ಪಾಯದ ಮಣ್ಣು ತಂದು ಸುರಿದ ಮೂಲೆ, ಇವು ಬೇಡ. ಮನೆಯ ಹಿರಿಯರನ್ನೋ ಪಕ್ಕದ ಮನೆ ಅಜ್ಜಿಯನ್ನೋ ಕೇಳಿ. ಎಲ್ಲಿ ಏನು ಮುಚ್ಚಿದೆ ಅನ್ನುವುದು ನಕ್ಷೆಯಲ್ಲಿ ಇರುವುದಿಲ್ಲ, ಅವರ ನೆನಪಿನಲ್ಲಿ ಇರುತ್ತದೆ. ನಮ್ಮದು ಅರಸೀಕೆರೆ ಕಡೆ, ತೆಂಗಿನ ತೋಟದ ಅಂಚು. ತೆಂಗಿನ ಮರದಿಂದಲೂ ದೂರ ಇರಬೇಕಾಯಿತು. ಬೇರಿನ ಭಯಕ್ಕಲ್ಲ; ಗಾಳಿಗೆ ಕಳಚಿ ಬೀಳುವ ಒಂದು ಗರಿ ಆಂಟೆನಾದ ಅಲ್ಯೂಮಿನಿಯಂ ಕೊಳವೆಯನ್ನು ಹಪ್ಪಳದ ಹಾಗೆ ಮುರಿಯಬಲ್ಲದು.

ಹ್ಯಾಮ್ ಪರವಾನಗಿ ಕೊಡುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಪರವಾನಗಿ ಕೈಗೆ ಬಂದ ಮೇಲೇ ಗುದ್ದಲಿ ಹಿಡಿಯಿರಿ. ಹತ್ತಿರದಲ್ಲಿ ವಿಮಾನ ನಿಲ್ದಾಣ ಇದ್ದರೆ ಎತ್ತರಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ಒಪ್ಪಿಗೆ ಬೇಕಾದೀತು. ಪಂಚಾಯಿತಿಯಲ್ಲೋ ನಗರಸಭೆಯಲ್ಲೋ ಒಂದು ಮಾತು ಕೇಳಿಕೊಳ್ಳಿ, ಪಕ್ಕದ ಮನೆಯವರಿಗೆ ಮೊದಲೇ ತಿಳಿಸಿ. ಅಷ್ಟು ಸಾಕು.

ಎಷ್ಟು ಅಗಲ, ಎಷ್ಟು ಆಳ

ಗಾಳಿಯ ಲೆಕ್ಕಕ್ಕೆ ನಮ್ಮ ದೇಶದಲ್ಲಿ ಹಿಡಿಯುವುದು ಐಎಸ್ 875 ಅನ್ನುವ ಭಾರತೀಯ ಮಾನಕದ ಮೂರನೇ ಭಾಗವನ್ನು. ಅದರಲ್ಲಿ ಬೆಂಗಳೂರು, ಮೈಸೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿಗೆ ಬೀಳುವ ಒತ್ತಡ ನ್ಯೂಟನ್ನಿನಲ್ಲಿ ಸಿಗುತ್ತದೆ. 33ಕ್ಕೆ ಅದು ಸುಮಾರು 65 ಕೆಜಿ ತಳ್ಳಿದಷ್ಟು, 39ಕ್ಕೆ 93ರ ಆಸುಪಾಸು. ವೇಗ ಹೆಚ್ಚಿದ್ದು ಆರು ಮೀಟರ್ ಅಷ್ಟೇ, ಒತ್ತಡ ಮಾತ್ರ ಹತ್ತಿರ ಹತ್ತಿರ ಒಂದೂವರೆ ಪಟ್ಟು.

ಈಗ ನಮ್ಮ ಟವರು. ಜಾಲರಿಯಂತಿದ್ದರೂ ಅದಕ್ಕೊಂದು ಮೈ ಇದೆ. ಕೊಳವೆಗಳ ಆಕಾರದ ಲೆಕ್ಕವನ್ನೂ ಸೇರಿಸಿ ಗಾಳಿಗೆ ಸಿಗುವ ಮೈ ಒಟ್ಟು 1.6 ಚದರ ಮೀಟರ್ ಅಂದುಕೊಳ್ಳಿ. 33ರ ಲೆಕ್ಕದಲ್ಲಿ ಅದರ ತಳ್ಳು 104 ಕೆಜಿ, ನಡು ಎತ್ತರವಾದ 6 ಮೀಟರಿನಲ್ಲಿ ನಾಟುತ್ತದೆ. ಆಂಟೆನಾ 0.6 ಚದರ ಮೀಟರ್, 39 ಕೆಜಿ, 12.5 ಮೀಟರ್ ಎತ್ತರದಲ್ಲಿ. ತಳ್ಳನ್ನು ಎತ್ತರದಿಂದ ಗುಣಿಸಿ ಕೂಡಿದರೆ 1,110 ಕೆಜಿ-ಮೀಟರ್. ಟವರನ್ನು ಮಗುಚಲು ನೋಡುವ ಈ ತಿರುಚು ಪಾಯದ ತಳದವರೆಗೆ ಇಳಿಯುವಾಗ 1,280ರ ಹತ್ತಿರ ಬರುತ್ತದೆ. ಅಂದರೆ ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಒಂದೂಕಾಲು ಟನ್ ನೇತು ಹಾಕಿದ ಹಾಗೆ. ಆಂಟೆನಾದ ಮೈ ಟವರಿನದರಲ್ಲಿ ಅರ್ಧವೂ ಇಲ್ಲ, ಆದರೂ ತಿರುಚಿನಲ್ಲಿ ಅದರ ಪಾಲು ಹತ್ತಿರ ಹತ್ತಿರ ಅರ್ಧ. "ಇನ್ನೊಂದು ಆಂಟೆನಾ ಮೇಲೆ ಸೇರಿಸಿಬಿಡೋಣ" ಅನ್ನುವ ಮುಂಚೆ ಇದು ನೆನಪಿರಲಿ.

ಇದಕ್ಕೆ ಎದುರು ನಿಲ್ಲುವುದು ಕಾಂಕ್ರೀಟಿನ ಸ್ವಂತ ತೂಕ. ಒಂದು ಘನ ಮೀಟರ್ ಕಾಂಕ್ರೀಟ್ 2.4 ಟನ್. 1.5 ಮೀಟರ್ ಉದ್ದ, ಅಷ್ಟೇ ಅಗಲ, 1.2 ಮೀಟರ್ ಎತ್ತರದ ಗಟ್ಟಿ 2.7 ಘನ ಮೀಟರ್ ಆಗುತ್ತದೆ, ತೂಕ ಆರೂವರೆ ಟನ್. ಅದು ಮಗುಚಬೇಕಾದರೆ ಒಂದು ಅಂಚಿನ ಮೇಲೆ ಏಳಬೇಕು. ತೂಕದ ನಡು ಆ ಅಂಚಿನಿಂದ 0.75 ಮೀಟರ್ ದೂರ. ಗುಣಿಸಿದರೆ 4,860 ಕೆಜಿ-ಮೀಟರ್. ಬೇಕಾದದ್ದಕ್ಕಿಂತ ಮೂರೂಮುಕ್ಕಾಲು ಪಟ್ಟು. ಸುತ್ತಲಿನ ಮಣ್ಣು ಹಿಡಿದುಕೊಳ್ಳುವುದು ಇದಕ್ಕೆ ಮೇಲಾಯಿತು, ಅದನ್ನು ನಾನು ಲೆಕ್ಕಕ್ಕೆ ತಂದಿಲ್ಲ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಗಟ್ಟಿ ಬೇಕು ಅಂದ ತಕ್ಷಣ ಜನ ಆಳ ತೋಡುತ್ತಾರೆ. ಆಳ ಹೆಚ್ಚಿಸಿದರೆ ತೂಕ ಮಾತ್ರ ಹೆಚ್ಚುತ್ತದೆ. ಅಗಲ ಹೆಚ್ಚಿಸಿದರೆ ತೂಕವೂ ಹೆಚ್ಚುತ್ತದೆ, ಮಗುಚುವ ಅಂಚೂ ದೂರ ಹೋಗುತ್ತದೆ. ಐದಡಿ ಚೌಕವನ್ನು ಆರಡಿ ಮಾಡಿದರೆ ಕಾಂಕ್ರೀಟ್ ಶೇ. 44ರಷ್ಟು ಜಾಸ್ತಿ ಬೇಕು. ತಡೆಯುವ ಶಕ್ತಿ ಶೇ. 73ರಷ್ಟು ಏರುತ್ತದೆ. ದುಡ್ಡಿದ್ದರೆ ಅಗಲಕ್ಕೆ ಹಾಕಿ.

ಕರಾವಳಿಯವರು ಆರಡಿಗಿಂತ ಕಡಿಮೆ ಮಾಡಬೇಡಿ. ಗಾಳಿ ಜಾಸ್ತಿ ಅನ್ನುವುದೊಂದು ಕಾರಣ. ಇನ್ನೊಂದು, ಮಳೆಗಾಲದಲ್ಲಿ ಅಲ್ಲಿ ಒರತೆ ನೆಲದ ಮಟ್ಟಕ್ಕೇ ಬರುತ್ತದೆ. ನೀರಿನಲ್ಲಿ ಮುಳುಗಿದ ಕಾಂಕ್ರೀಟ್ ಘನ ಮೀಟರಿಗೆ 2.4 ಟನ್ ತೂಗುವುದಿಲ್ಲ, 1.4 ಟನ್ ಮಾತ್ರ. ಗಾಳಿ ಜೋರಾಗುವುದೂ ಅದೇ ತಿಂಗಳುಗಳಲ್ಲಿ.

ಎರೆಮಣ್ಣಿನವರ ಕಥೆ ಬೇರೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು, ಮಳೆಯಲ್ಲಿ ಉಬ್ಬುವ ನೆಲದಲ್ಲಿ ನಾಲ್ಕಡಿಯ ಗಟ್ಟಿ ಎರಡು ವರ್ಷಕ್ಕೆ ವಾಲಿರುತ್ತದೆ. ಅಲ್ಲಿ ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳಕ್ಕೆ, ತಳದಲ್ಲಿ ಗಂಟೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ಇಳಿಸುತ್ತಾರೆ. ಧಾರವಾಡ, ಗದಗ, ವಿಜಯಪುರದ ಗೆಳೆಯರು ಈ ಲೇಖನದ ಅಳತೆ ಬಿಟ್ಟು ಮುಂದಿನ ಕಾಂಕ್ರೀಟ್ ಕೆಲಸದ ಭಾಗವನ್ನಷ್ಟೇ ತೆಗೆದುಕೊಳ್ಳಿ.

ಗುಂಡಿ

ಸುಣ್ಣದಲ್ಲಿ ಚೌಕ ಎಳೆಯಿರಿ. 1.5 ಮೀಟರ್ ಚೌಕದ ಮೂಲೆಯಿಂದ ಮೂಲೆಗೆ 2.12 ಮೀಟರ್ ಬರಬೇಕು, ಎರಡೂ ಕಡೆ. ಆಳ 1.2 ಮೀಟರ್, ಅಂದರೆ ನಾಲ್ಕಡಿ. ಕೆಂಪು ಮಣ್ಣು, ಕೆಳಗೆ ಗರಸು ಇರುವ ಕಡೆ ಇಬ್ಬರು ಆಳು ಒಂದೂವರೆ ದಿನದಲ್ಲಿ ತೆಗೆಯುತ್ತಾರೆ. ಜೆಸಿಬಿ ಕರೆಯುವ ಆಸೆ ಬರುತ್ತದೆ. ಅರ್ಧ ಗಂಟೆಯ ಕೆಲಸ ನಿಜ, ಆದರೆ ಅದರ ಬಕೆಟ್ಟು ಗೋಡೆಗಳನ್ನು ಕಲಕಿ ಹಾಕುತ್ತದೆ. ಐದಡಿ ಕೇಳಿದರೆ ಏಳಡಿ ತೆಗೆದುಕೊಡುತ್ತದೆ. ನಮಗೆ ಬೇಕಾದ್ದು ಯಾರೂ ಮುಟ್ಟದ ಮಣ್ಣಿನ ನೇರ ಗೋಡೆ. ಕಾಂಕ್ರೀಟ್ ಅದಕ್ಕೇ ಅಂಟಿಕೊಂಡು ಕೂರಬೇಕು, ಸೆಂಟ್ರಿಂಗ್ ಹಲಗೆ ಬೇಕಾದ್ದು ನೆಲದ ಮೇಲೆ ಕಾಣುವ ನಾಲ್ಕು ಇಂಚಿಗೆ ಮಾತ್ರ.

ತಳವನ್ನು ಹಾರೆಯಿಂದ ಮಟ್ಟ ಮಾಡಿ. ತಪ್ಪಿ ಒಂದು ಕಡೆ ಆಳವಾದರೆ ಮಣ್ಣು ತುಂಬಿ ದಮ್ಮಸ್ಸು ಮಾಡುವುದು ಬೇಡ, ಆಮೇಲೆ ತಳಕ್ಕೆ ಹಾಸುವ ಬೆಡ್ ಕಾಂಕ್ರೀಟಿನಲ್ಲೇ ಅದನ್ನು ತುಂಬಿಸಿ. ತೆಗೆದ ಮಣ್ಣು ಗುಂಡಿಯ ಅಂಚಿನಿಂದ ಎರಡಡಿ ಆಚೆ ಇರಲಿ. ಅದು ಉಬ್ಬಿ ಗುಡ್ಡವಾಗಿ ಒಂದು ಟ್ರ್ಯಾಕ್ಟರ್ ಲೋಡನ್ನೂ ಮೀರುತ್ತದೆ, ಎಲ್ಲಿಗೆ ಸಾಗಿಸುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಿ. ರಾತ್ರಿ ಗುಂಡಿಯ ಮೇಲೆ ಹಲಗೆ ಮುಚ್ಚಿ. ನಮ್ಮಲ್ಲಿ ಮರೆತ ಒಂದೇ ರಾತ್ರಿ ಪಕ್ಕದ ಮನೆಯ ಕರು ಒಳಗೆ ಇಳಿದು, ಬೆಳಿಗ್ಗೆ ಅದನ್ನು ಎತ್ತಲು ಆರು ಜನ ಸೇರಿದ್ದರು.

ತಳಕ್ಕೆ 10 ಸೆಂಟಿಮೀಟರ್ ಬೆಡ್ ಕಾಂಕ್ರೀಟ್, ಸಿಮೆಂಟು, ಮರಳು, ಜಲ್ಲಿ 1:4:8, ಜಲ್ಲಿ 40 ಎಂಎಂ. ಒಂದು ಮೂಟೆ ಸಿಮೆಂಟು ಸಾಕು. ಇದು ಶಕ್ತಿಗಲ್ಲ, ಕಬ್ಬಿಣ ಕಟ್ಟುವಾಗ ಕಾಲಡಿ ಕೆಸರಾಗದಿರಲಿ ಅಂತ.

ಕಬ್ಬಿಣ, ಮತ್ತು ಸಿಡಿಲಿಗೆ ದಾರಿ

12 ಎಂಎಂ ಟಿಎಂಟಿ ಸರಳು. ಕೆಳಗೊಂದು ಜಾಲರಿ, ಮೇಲೊಂದು ಜಾಲರಿ. ಒಂದೊಂದು ಜಾಲರಿಗೂ ಒಂದು ದಿಕ್ಕಿಗೆ ಹತ್ತು, ಅಡ್ಡಕ್ಕೆ ಹತ್ತು. ಸುಮಾರು ಆರು ಇಂಚಿಗೊಂದು. 1.4 ಮೀಟರ್ ನೇರ, ಎರಡು ತುದಿಯಲ್ಲೂ 20 ಸೆಂಟಿಮೀಟರ್ ಮಡಿಕೆ, ಒಟ್ಟು 1.8 ಮೀಟರಿನ ನಲವತ್ತು ತುಂಡು. 12 ಮೀಟರಿನ ಒಂದು ಸರಳಿಗೆ ಆರು ತುಂಡು ಬರುತ್ತವೆ, ಆದ್ದರಿಂದ ಏಳು ಸರಳು. ಎರಡು ಜಾಲರಿಗಳನ್ನು ಜೋಡಿಸುವ ನಿಲುವು ಸರಳುಗಳಿಗೆ ಇನ್ನೆರಡು. ಒಂದು ಸರಳು ಹತ್ತಿರ ಹತ್ತಿರ 10.7 ಕೆಜಿ, ಅಂಗಡಿಯಲ್ಲಿ ತೂಕ ಹಾಕಿಸಿ ನೋಡಿ.

ಕಬ್ಬಿಣ ಮಣ್ಣಿಗೆ ತಾಗಬಾರದು. ನಾಲ್ಕೂ ಕಡೆ, ಕೆಳಗೂ ಮೇಲೂ 50 ಎಂಎಂ ಕಾಂಕ್ರೀಟ್ ಹೊದಿಕೆ ಇರಲೇಬೇಕು. ಅದಕ್ಕೆ ಸಿಮೆಂಟಿನ ಕವರ್ ಬ್ಲಾಕ್ ಸಿಗುತ್ತವೆ. ಕೆಲಸದವರು ಜಲ್ಲಿ ಕಲ್ಲೋ ಇಟ್ಟಿಗೆ ಚೂರೋ ಇಡುತ್ತಾರೆ. ಇಟ್ಟಿಗೆ ನೀರು ಹೀರಿ ಸೀದಾ ಸರಳಿಗೆ ಕೊಡುತ್ತದೆ. ಅದನ್ನು ಕಂಡ ತಕ್ಷಣ ತೆಗೆಸಿ.

ಕಬ್ಬಿಣ ಕಟ್ಟಿದ ದಿನವೇ, ಸಿಡಿಲನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಕೆಲಸವೂ ಆಗಬೇಕು, ಕಾಂಕ್ರೀಟ್ ಬಿದ್ದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅರಿಜೋನಾದ ಒಣ ನೆಲದಲ್ಲಿ ಮದ್ದುಗುಂಡಿನ ಉಗ್ರಾಣಗಳಿಗೆ ಅರ್ಥಿಂಗ್ ಸಿಗದೆ ಒದ್ದಾಡುತ್ತಿದ್ದಾಗ, ಹರ್ಬರ್ಟ್ ಯೂಫರ್ ಎಂಬ ಎಂಜಿನಿಯರ್ ಪಾಯದೊಳಗಿನ ಕಬ್ಬಿಣವನ್ನೇ ಅರ್ಥಿಂಗಿಗೆ ಬಳಸಿ ತೋರಿಸಿದ. ಕಾಂಕ್ರೀಟ್ ಸುತ್ತಲಿನ ನೆಲದಿಂದ ತೇವ ಹೀರಿ ಹಿಡಿದಿಡುತ್ತದೆ, ಒಣ ಮಣ್ಣಿಗಿಂತ ಚೆನ್ನಾಗಿ ವಿದ್ಯುತ್ತನ್ನು ಬಿಟ್ಟುಕೊಡುತ್ತದೆ. ಹ್ಯಾಮುಗಳು ಈಗಲೂ ಇದನ್ನು ಯೂಫರ್ ಗ್ರೌಂಡ್ ಅಂತಲೇ ಕರೆಯುತ್ತಾರೆ. ಮಾಡುವುದು ಸುಲಭ: ಜಾಲರಿಯ ಸರಳುಗಳನ್ನು, ನಿಲುವು ಸರಳುಗಳನ್ನು, ಮುಂದೆ ಹೇಳುವ ಬೋಲ್ಟುಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಕಟ್ಟಿ, ಅವಕ್ಕೆ ಒಂದು ಜಿಐ (ಸತು ಲೇಪದ ಕಬ್ಬಿಣ) ಪಟ್ಟಿಯನ್ನು ಸೇರಿಸಿ ಪಾಯದಿಂದ ಹೊರಗೆ ತನ್ನಿ. ಆ ಪಟ್ಟಿಯನ್ನು ಟವರಿನ ಕಾಲಿಗೂ, ಪಾಯದ ಆಚೆ ಹೂಳುವ ಅರ್ಥ್ ಸಲಾಕೆಗಳಿಗೂ, ಮನೆಯ ಅರ್ಥಿಂಗಿಗೂ ಜೋಡಿಸಬೇಕು. ಪಾಯದ ಕಬ್ಬಿಣ ಒಂದನ್ನೇ ನಂಬಬೇಡಿ, ಅದು ಸಲಾಕೆಗಳ ಜೊತೆಗಾರ.

ಬೋಲ್ಟು: ನನ್ನ ತಪ್ಪು

ಟವರಿನ ಮೂರು ಕಾಲುಗಳ ನಡುವೆ ಬುಡದಲ್ಲಿ 45 ಸೆಂಟಿಮೀಟರ್ ಅಂತರ ಇದೆ ಅನ್ನಿ. ಮೊದಲಿನ 1,110 ಕೆಜಿ-ಮೀಟರ್ ತಿರುಚು ಅಷ್ಟು ಸಣ್ಣ ಬುಡಕ್ಕೆ ಇಳಿದಾಗ, ಗಾಳಿ ಬರುವ ಕಡೆಯ ಕಾಲು 2.8 ಟನ್ ಬಲದಲ್ಲಿ ಮೇಲಕ್ಕೆ ಎಳೆಯುತ್ತದೆ. ಇಡೀ ಟವರಿನ ತೂಕ ಇನ್ನೂರು ಕೆಜಿ, ಒಂದು ಕಾಲಿನ ಎಳೆತ ಅದರ ಹದಿನಾಲ್ಕು ಪಟ್ಟು. ಮೇಸ್ತ್ರಿಗೆ ಮನಸ್ಸು ಬದಲಾದದ್ದು ಈ ಸಂಖ್ಯೆ ಕೇಳಿದ ಮೇಲೆ.

ಕಾಲಿಗೆ ಎರಡರಂತೆ ಆರು ಜೆ-ಬೋಲ್ಟು, 20 ಎಂಎಂ ದಪ್ಪ, 60 ಸೆಂಟಿಮೀಟರ್ ಕಾಂಕ್ರೀಟಿನೊಳಗೆ, 10 ಸೆಂಟಿಮೀಟರ್ ಹೊರಗೆ. ಕೆಳಗಿನ ಕೊಕ್ಕೆಗಳು ಸರಳುಗಳ ಕೆಳಗೆ ಸಿಕ್ಕಿಕೊಂಡಿರಲಿ. ಬೋಲ್ಟಿಗೆ ಸತುವಿನ ಲೇಪ ಇರಲಿ.

ಇವುಗಳ ಜಾಗ ಒಂದೆರಡು ಎಂಎಂ ಕೂಡ ಆಚೀಚೆ ಆಗಬಾರದು. ನನ್ನ ಮೊದಲ ಟವರಿಗೆ ತೆಳು ಪ್ಲೈವುಡ್‌ನಲ್ಲಿ ರಂಧ್ರ ಕೊರೆದು ಅದನ್ನೇ ಅಚ್ಚು ಮಾಡಿದ್ದೆ. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಇಳಿಸಿದಾಗ ಆ ಪ್ಲೈವುಡ್ ನೀರು ಕುಡಿದು ಬಾಗಿತ್ತು, ಸಂಜೆಯ ಬೆಳಕಿನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಬೆಳಿಗ್ಗೆ ಟೇಪ್ ಹಿಡಿದರೆ ಒಂದು ಜೋಡಿ 8 ಎಂಎಂ ಪಕ್ಕಕ್ಕೆ ಹೋಗಿದೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ 20 ಎಂಎಂ ಬೋಲ್ಟನ್ನು ಬಗ್ಗಿಸುವುದು ಸುಳ್ಳು. ತಳದ ತಟ್ಟೆಯ ರಂಧ್ರಗಳನ್ನು ಉದ್ದಕ್ಕೆ ಕೊರೆಸಿ, ದಪ್ಪ ವಾಷರ್ ವೆಲ್ಡ್ ಮಾಡಿಸಿ ಹೇಗೋ ದಡ ಸೇರಿದೆ. ಆ ವೆಲ್ಡಿಂಗಿನ ಜಾಗದಲ್ಲಿ ಪ್ರತಿ ವರ್ಷ ತುಕ್ಕು ಕಾಣಿಸಿಕೊಳ್ಳುತ್ತಿತ್ತು.

ಈಗ ಮಾಡುವುದು ಹೀಗೆ. ಟವರಿನ ತಳದ ತಟ್ಟೆಯನ್ನೇ ಅಡಿಗಿಟ್ಟು, ಅದರ ರಂಧ್ರಗಳ ಗುರುತಿಗೆ 6 ಎಂಎಂ ಕಬ್ಬಿಣದ ಪಟ್ಟಿಯಲ್ಲಿ ತ್ರಿಕೋನದ ಅಚ್ಚು ಮಾಡಿಸುತ್ತೇನೆ. ಒಂದಲ್ಲ, ಎರಡು. ಒಂದು ಮೇಲೆ, ಬೋಲ್ಟಿಗೆ ಮೇಲೂ ಕೆಳಗೂ ನಟ್ಟು ಬಿಗಿದು. ಇನ್ನೊಂದು ಒಳಗೆ 40 ಸೆಂಟಿಮೀಟರ್ ಕೆಳಗೆ, ಕಾಂಕ್ರೀಟಿನಲ್ಲೇ ಉಳಿದುಹೋಗುವಂಥದ್ದು. ಎರಡು ಕಡೆ ಹಿಡಿದ ಬೋಲ್ಟು ವಾಲುವುದಿಲ್ಲ. ಮೇಲಿನ ಅಚ್ಚನ್ನು ಗುಂಡಿಯ ಮೇಲೆ ಹಾಸಿದ ಎರಡು ಮರದ ತೊಲೆಗಳಿಗೆ ಬಿಗಿದು, ಸ್ಪಿರಿಟ್ ಲೆವೆಲ್ಲನ್ನು ಮೂರೂ ಬದಿಗೆ ಇಟ್ಟು ನೋಡಿ. ಬೋಲ್ಟಿನ ಎಳೆಗಳಿಗೆ ಗ್ರೀಸ್ ಹಚ್ಚಿ ಟೇಪ್ ಸುತ್ತಿ. ಟೇಪ್ ಮರೆತರೆ ಸಿಮೆಂಟು ಕೂತ ಎಳೆಗಳನ್ನು ತಂತಿ ಬ್ರಷ್‌ನಲ್ಲಿ ಉಜ್ಜುತ್ತ ಒಂದು ಭಾನುವಾರ ಹೋಗುತ್ತದೆ.

ಕೆಲವರು ಬೋಲ್ಟಿನ ತಂಟೆಯೇ ಬೇಡ ಅಂತ ಟವರಿನ ಕೆಳ ತುಂಡನ್ನೇ ಕಾಂಕ್ರೀಟಿನಲ್ಲಿ ಹೂಳುತ್ತಾರೆ. ನನಗದು ಇಷ್ಟವಿಲ್ಲ. ಕಾಲುಗಳು ಟೊಳ್ಳು ಕೊಳವೆಗಳು. ಮೇಲಿಂದ ಇಳಿದ ಮಳೆನೀರು ಹೋಗಲು ದಾರಿಯಿಲ್ಲದೆ ಬುಡದಲ್ಲಿ ನಿಂತು ಒಳಗಿಂದ ತಿನ್ನುತ್ತದೆ. ಹೂಳಲೇಬೇಕಾದರೆ ಕಾಲಿನ ತುದಿಗಳು ಕಾಂಕ್ರೀಟಿನ ಕೆಳಗೆ ಜಲ್ಲಿಯ ಪದರಕ್ಕೆ ತೆರೆದುಕೊಂಡಿರಬೇಕು, ಸುರಿಯುವಾಗ ಸಿಮೆಂಟು ಹಾಲು ಒಳಗೆ ನುಗ್ಗಬಾರದು.

ಸುರಿಯುವ ದಿನ

2.7 ಘನ ಮೀಟರಿಗೆ ಬೇಕಾದ್ದು: ಸಿಮೆಂಟು 22 ಮೂಟೆ, ಬೆಡ್ಡಿಗೆ ಮತ್ತು ಕೈತಪ್ಪಿಗೆ ಇನ್ನೆರಡು ಸೇರಿ 24. ಎಂ-ಸ್ಯಾಂಡ್ 1.2 ಘನ ಮೀಟರ್, ಅಂದರೆ 42 ಘನ ಅಡಿ. 20 ಎಂಎಂ ಜಲ್ಲಿ ಅದರ ಎರಡರಷ್ಟು. ಮೂಟೆಯ ಮೇಲೆ ತಯಾರಾದ ವಾರ ಅಚ್ಚಾಗಿರುತ್ತದೆ, ಮೂರು ತಿಂಗಳು ದಾಟಿದ್ದು ಬೇಡ.

ಮಿಶ್ರಣ ಎಂ20 ದರ್ಜೆಯದು, ಒಂದು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ. ಬಾಂಡ್ಲಿ ಲೆಕ್ಕಕ್ಕೆ ಒಪ್ಪಬೇಡಿ. ಒಬ್ಬನ ಬಾಂಡ್ಲಿ ಗೋಪುರ, ಇನ್ನೊಬ್ಬನದು ಅಂಗೈ. ಒಂದು ಮೂಟೆ ಸಿಮೆಂಟು 35 ಲೀಟರ್. 30 ಸೆಂಟಿಮೀಟರ್ ಚೌಕ, 39 ಸೆಂಟಿಮೀಟರ್ ಎತ್ತರದ ಒಂದು ಮರದ ಡಬ್ಬ ಹೊಡೆಸಿದರೆ ಅದೇ ಅಳತೆ. ಮೂಟೆಗೆ ಒಂದೂವರೆ ಡಬ್ಬ ಎಂ-ಸ್ಯಾಂಡ್, ಮೂರು ಡಬ್ಬ ಜಲ್ಲಿ.

ಇನ್ನು ನೀರು. ಇಡೀ ದಿನದ ಜಗಳ ಇಲ್ಲೇ. ಮೂಟೆಗೆ 25 ಲೀಟರ್, ಹೆಚ್ಚೆಂದರೆ 27. ಕಾಂಕ್ರೀಟ್ ಕಲಸುವ ಮಿಲ್ಲರಿನ ಹತ್ತಿರ ನಿಂತವನಿಗೆ ಇದು ಒಣ ಅನ್ನಿಸುತ್ತದೆ, "ಸಾರ್ ಇದು ಇಳಿಯಲ್ಲ" ಅಂತ ಅರ್ಧ ಬಕೆಟ್ ಜಾಸ್ತಿ ಸುರಿಯುತ್ತಾನೆ. ಆಗ ಪಾಯಸದ ಹಾಗೆ ಹರಿಯುತ್ತದೆ, ಎಲ್ಲರಿಗೂ ಖುಷಿ. ಸಿಮೆಂಟಿಗೆ ಬೇಡವಾದ ಆ ನೀರು ಆಮೇಲೆ ಆವಿಯಾಗಿ ಹೋಗುವಾಗ ತನ್ನ ಜಾಗವನ್ನು ಸಣ್ಣ ಸಣ್ಣ ತೂತುಗಳಾಗಿ ಬಿಟ್ಟುಹೋಗುತ್ತದೆ. ಬೋಲ್ಟನ್ನು ಹಿಡಿಯಬೇಕಾದ ಜಾಗವೇ ಟೊಳ್ಳು. ನಾನು ಮಾಡಿದ್ದು ಇಷ್ಟು: ಡ್ರಮ್ಮಿನಿಂದ ನೀರು ತೆಗೆಯುವ ಕೆಲಸ ಬೇರೆ ಯಾರಿಗೂ ಕೊಡಲಿಲ್ಲ. 12.5 ಲೀಟರಿಗೆ ಗೆರೆ ಎಳೆದ ಒಂದು ಬಕೆಟ್ಟು, ಮೂಟೆಗೆ ಎರಡು ಸಲ. ಮರಳು ಒದ್ದೆ ಇದ್ದರೆ ಮೊದಲ ಸಲವೇ ಮೂರು ನಾಲ್ಕು ಲೀಟರ್ ಕಡಿಮೆ, ಯಾಕೆಂದರೆ ಅಷ್ಟು ನೀರು ಮರಳಿನಲ್ಲೇ ಬಂದಿರುತ್ತದೆ. ಹದ ಹೇಗೆ ತಿಳಿಯುವುದು? ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿದರೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಸೋರಬಾರದು. ಮುಷ್ಟಿಗೆ ಗ್ಲೌಸ್ ಹಾಕಿ, ಹಸಿ ಸಿಮೆಂಟು ಚರ್ಮ ಸುಡುತ್ತದೆ.

ಮಿಲ್ಲರಿನಲ್ಲಿ ಎರಡು ನಿಮಿಷವಾದರೂ ತಿರುಗಲಿ. ಒಂದು ಮೂಟೆಯ ಹದ ಎಂಟು ನಿಮಿಷ ಹಿಡಿದರೆ 22 ಮೂಟೆಗೆ ಮೂರು ಗಂಟೆ. ನಡುವೆ ಊಟಕ್ಕೆ ನಿಲ್ಲಿಸಬೇಡಿ. ಕೆಳಗಿನ ಪದರ ಹಿಡಿದುಕೊಂಡ ಮೇಲೆ ಮೇಲಿನದು ಬಿದ್ದರೆ ಅದು ಒಂದು ಗಟ್ಟಿಯಲ್ಲ, ಒಂದರ ಮೇಲೊಂದು ಇಟ್ಟ ಎರಡು ಗಟ್ಟಿ. ಬೆಳಿಗ್ಗೆ ಏಳಕ್ಕೆ ತಿಂಡಿ ಮುಗಿಸಿ ಶುರು ಮಾಡಿದರೆ ಹನ್ನೊಂದಕ್ಕೆ ಎಲ್ಲ ಆಗಿರುತ್ತದೆ, ಬಿಸಿಲೂ ಏರಿರುವುದಿಲ್ಲ. ಕಾಫಿಯನ್ನು ಅಲ್ಲಿಗೇ ತರಿಸಿ. ಸಿಟಿಯಲ್ಲಿರುವವರು ರೆಡಿಮಿಕ್ಸ್ ಕೇಳಬಹುದು, ಆದರೆ ಇದು ಅವರ ಲಾರಿಯ ಅರ್ಧವೂ ತುಂಬದ ಆರ್ಡರು. ಲಾರಿಯಿಂದ ಹಿತ್ತಲಿಗೆ ಹೇಗೆ ಬರುತ್ತದೆ ಅನ್ನುವುದು ಇನ್ನೊಂದು ತಲೆನೋವು.

ಸುರಿಯುವ ಮುಂಚೆ ಗುಂಡಿಯ ಗೋಡೆಗೆ ನೀರು ಚಿಮುಕಿಸಿ, ಇಲ್ಲದಿದ್ದರೆ ಒಣ ಮಣ್ಣು ಕಾಂಕ್ರೀಟಿನ ನೀರನ್ನು ಹೀರುತ್ತದೆ. ತಳದಲ್ಲಿ ನೀರು ನಿಂತಿರಬಾರದು. ಒಂದಡಿ ಒಂದಡಿಯಾಗಿ ಪದರ ಬರಲಿ, ಪ್ರತಿ ಪದರಕ್ಕೂ ವೈಬ್ರೇಟರ್. ಬಾಡಿಗೆಗೆ ಸಿಗುವ 40 ಎಂಎಂ ಸೂಜಿ ಸಾಕು. ನೇರವಾಗಿ ಇಳಿಸಿ, ಹತ್ತು ಹದಿನೈದು ಸೆಕೆಂಡು, ಗುಳ್ಳೆ ಬರುವುದು ನಿಂತ ಮೇಲೆ ನಿಧಾನವಾಗಿ ಎತ್ತಿ. ಒಂದೂವರೆ ಅಡಿ ಪಕ್ಕಕ್ಕೆ ಹೋಗಿ ಮತ್ತೆ ಇಳಿಸಿ. ಸೂಜಿಯ ತುದಿ ಕೆಳಗಿನ ಪದರಕ್ಕೂ ಸ್ವಲ್ಪ ಹೋಗಬೇಕು. ಬೋಲ್ಟಿಗೆ, ಸರಳಿಗೆ ತಾಗಿಸಬೇಡಿ.

ಪ್ರತಿ ಐದು ಮೂಟೆಗೊಮ್ಮೆ ಅಚ್ಚಿನ ಮೇಲೆ ಲೆವೆಲ್ ಇಟ್ಟು ನೋಡಿ. ಕೊನೆಯಲ್ಲಿ ಮೇಲ್ಮೈ ನೆಲದಿಂದ ನಾಲ್ಕು ಇಂಚು ಎತ್ತರ, ನಡುವಿನಿಂದ ಅಂಚಿಗೆ ಸ್ವಲ್ಪ ಇಳಿಜಾರು, ನೀರು ನಿಲ್ಲದ ಹಾಗೆ. ಕರಣೆ ಕೆಳಗಿಡುವ ಮುಂಚೆ ಕೊನೆಯ ಸಲ ಟೇಪ್ ಹಿಡಿದು ಬೋಲ್ಟುಗಳ ಅಂತರ ಅಳೆಯಿರಿ. ಹಸಿಯಲ್ಲಿ ಸರಿಮಾಡಲು ಅರ್ಧ ನಿಮಿಷ ಸಾಕು.

ನೀರು ಕುಡಿಸುವ ದಿನಗಳು

ಮಾರನೆ ಬೆಳಿಗ್ಗೆ ಅಂಚಿಗೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಅದಾಗದಿದ್ದರೆ ಒದ್ದೆ ಗೋಣಿಚೀಲ ಹೊದಿಸಿ. ಈಗ ಅಂಗಡಿಯಲ್ಲಿ ಹೆಚ್ಚು ಸಿಗುವುದು ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು. ಅದು ನಿಧಾನವಾಗಿ ಶಕ್ತಿ ತುಂಬಿಕೊಳ್ಳುತ್ತದೆ. ಕಾಂಕ್ರೀಟಿನ ಮಾನಕವಾದ ಐಎಸ್ 456 ಅದಕ್ಕೆ ಹತ್ತು ದಿನವಾದರೂ ಕ್ಯೂರಿಂಗ್ ಕೇಳುತ್ತದೆ, ಬಿಸಿಲು ಒಣಹವೆ ಇದ್ದರೆ ಹದಿನಾಲ್ಕು. ಹದಿನಾಲ್ಕು ಅಂತಲೇ ಇಟ್ಟುಕೊಳ್ಳಿ. ಮೂರನೇ ದಿನ ಎಲ್ಲರಿಗೂ ಬೇಸರ ಬಂದಿರುತ್ತದೆ, ನಾಲ್ಕನೇ ದಿನ ಗೋಣಿ ಒಣಗಿರುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ಅಮ್ಮ ವಹಿಸಿಕೊಂಡರು. ತುಳಸಿಗೆ ನೀರು ಹಾಕಿ ಬರುವಾಗ ಅದೇ ತಂಬಿಗೆಯಲ್ಲಿ ಅಲ್ಲ, ಪೈಪ್ ಹಿಡಿದು, ದಿನಕ್ಕೆ ಮೂರು ಸಲ.

ಏಳು ದಿನಕ್ಕೆ ಮೂರನೇ ಎರಡು ಭಾಗ ಶಕ್ತಿ ಬಂದಿರುತ್ತದೆ. ಟವರಿನ ಕೆಳಗಿನ ತುಂಡು ಕೂರಿಸಿ ನೋಡಬಹುದು. ಪೂರ್ತಿ ಎತ್ತರ, ಆಂಟೆನಾ ಎಲ್ಲ 28 ದಿನದ ನಂತರ. ಆದ್ದರಿಂದಲೇ ಜನವರಿ ಫೆಬ್ರವರಿಯಲ್ಲಿ ಸುರಿಯುವುದು ಅನುಕೂಲ. ಯುಗಾದಿಯ ಗಾಳಿ ಮಳೆ ಬರುವ ಮುಂಚೆ ತಿಂಗಳು ತುಂಬಿರುತ್ತದೆ.

ತಳದ ತಟ್ಟೆ ಕಾಂಕ್ರೀಟಿನ ಮೇಲೆ ಕೂರುವುದಿಲ್ಲ, ಬೋಲ್ಟಿನ ಕೆಳ ನಟ್ಟಿನ ಮೇಲೆ ಕೂರುತ್ತದೆ. ಆ ನಟ್ಟುಗಳನ್ನು ತಿರುಗಿಸುತ್ತ ಟವರನ್ನು ನೇರ ಮಾಡಿ, ತೂಗುಗುಂಡನ್ನು ಎರಡು ದಿಕ್ಕಿನಿಂದ ಹಿಡಿದು. ನೇರ ಬಂದ ಮೇಲೆ ಮೇಲಿನ ನಟ್ಟು ಬಿಗಿದು, ಅದರ ಮೇಲೆ ಇನ್ನೊಂದು ನಟ್ಟು ಕೂರಿಸಿ, ತಟ್ಟೆಯ ಕೆಳಗಿನ ಸಂದಿಗೆ ಗ್ರೌಟ್, ಅಂದರೆ ಒಣಗಿದರೂ ಕುಗ್ಗದ ಸಿಮೆಂಟು ಗಾರೆ, ತುಂಬಿ. ತುಂಬುವಾಗ ಪ್ರತಿ ಕಾಲಿನ ಕೆಳಗೂ ನೀರು ಹೊರಹೋಗಲು ಒಂದು ಸಣ್ಣ ಪೈಪಿನ ತುಂಡು ಬಿಡಿ.

ಮೊದಲ ಮಳೆಗಾಲ ಕಳೆದ ಮೇಲೆ ಸ್ಪ್ಯಾನರ್ ಹಿಡಿದು ಒಂದು ಸುತ್ತು ಹೋಗಿ. ಆರು ಬೋಲ್ಟು, ಹನ್ನೆರಡು ಮೇಲ್ನಟ್ಟು. ಗಟ್ಟಿಯ ಸುತ್ತ ಮಣ್ಣು ಕೂದಲೆಳೆಯಷ್ಟು ಬಿಟ್ಟುಕೊಂಡಿದ್ದರೆ ನೀರು ಸುರಿದು ಮಣ್ಣು ತುಂಬಿಸಿ. ಬೆರಳು ಹೋಗುವಷ್ಟು ಬಿಟ್ಟಿದ್ದರೆ ಆಂಟೆನಾ ಇಳಿಸಿ ಎಂಜಿನಿಯರನ್ನು ಕರೆಯಿರಿ.